ಸಂಜೆ ಜೋಲುವ ರೆಪ್ಪೆ

ಶಿಡ್ಲಘಟ್ಟದ ಹಳೇ ಗಲ್ಲಿಗಳಲ್ಲಿ ರೇಷ್ಮೆ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬಡಿಯುತ್ತದೆ. ಬೆಂದ ಗೂಡಿನ ವಾಸನೆ ಅದು. ಗೂಡಿನೊಳಗಿನ ಹುಳದ ಜಿಡ್ಡು ಕಮಟು, ಹಸಿ ಸೌದೆಯ ಹೊಗೆ, ಬಿಸಿನೀರಿನ ಹಬೆ ಮೂರೂ ಬೆರೆತು ಗೋಡೆಗೆ, ಬಟ್ಟೆಗೆ, ತಲೆಗೂದಲಿಗೆ ಹತ್ತಿಕೊಂಡಿರುತ್ತವೆ. ತಗಡಿನ ಸೂರಿನ ಶೆಡ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಂತರೆ ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಳ್ಳುತ್ತದೆ; ಸಾಲಾಗಿ ಇಟ್ಟ ಬೇಸಿನ್ನುಗಳು, ಅವುಗಳಲ್ಲಿ ಹೊರಳಾಡುವ ತಿಳಿಹಳದಿ ಗೂಡುಗಳು, ಹಿಂದೆ ಗರಗರ ಸುತ್ತುವ ರಾಟೆಗಳು ಒಂದೊಂದಾಗಿ ಕಾಣತೊಡಗುತ್ತವೆ. ಮೋಟಾರಿನ ಸದ್ದಿಗಿಂತ ಜೋರಾಗಿ ಮಾತಾಡಬೇಕು. ಆ ಮಾತಾದರೂ ಉರ್ದುವಿನಲ್ಲಿ ಶುರುವಾಗಿ, ತೆಲುಗಿಗೆ ಹೊರಳಿ, ಕನ್ನಡದಲ್ಲಿ ಮುಗಿಯುತ್ತದೆ.

ಬೇಸಿನ್ನಿನ ಮುಂದೆ ಕೂತ ಹೆಂಗಸಿನ ಕೈಯನ್ನು ನೋಡಿ. ಬಿಸಿನೀರಿನಲ್ಲಿ ನೆನೆದೂ ನೆನೆದೂ ಬೆರಳ ತುದಿ ಬಿಳಿಚಿ ಸುಕ್ಕಾಗಿದೆ. ಒಂದು ಗೂಡಿನಲ್ಲಿರುವುದು ಒಂದೇ ಎಳೆ. 700 ಮೀಟರು, ಒಳ್ಳೆಯ ತಳಿಯಾದರೆ 1,000 ಮೀಟರನ್ನೂ ದಾಟುತ್ತದೆ. ಅಂಥ ಎಂಟು ಹತ್ತು ಗೂಡುಗಳ ಎಳೆ ಕೂಡಿದರೆ ಒಂದು ನೂಲು. ನೂಲು ಓಡುತ್ತಿರುವಾಗಲೇ ಯಾವುದೋ ಒಂದು ಗೂಡು ಬಿಚ್ಚಿ ಮುಗಿಯುತ್ತದೆ, ಇನ್ನಾವುದೋ ಒಂದರ ಎಳೆ ತುಂಡಾಗುತ್ತದೆ. ಆಗ ಹೊಸ ಗೂಡಿನ ತುದಿಯನ್ನು ಹಿಡಿದು, ಓಡುವ ನೂಲಿಗೆ ತಾಗುವಂತೆ ಬೆರಳಲ್ಲೇ ಚಿಮ್ಮಬೇಕು. ನಮ್ಮ ಕಣ್ಣಿಗೆ ಅಲ್ಲೇನೂ ಕಾಣುವುದಿಲ್ಲ. ಬಲ್ಬಿನ ಬೆಳಕಿಗೆ ಮಿಂಚಿ ಮಾಯವಾಗುವ ಆ ಎಳೆ ಆಕೆಗೆ ಮಾತ್ರ ಕಾಣುತ್ತದೆ. ಒಂದು ಎಳೆ ತಪ್ಪಿತೋ ನೂಲು ಸಣ್ಣಗಾಯಿತು, ನೂಲು ಸಣ್ಣಗಾಯಿತೋ ರೇಟು ಬಿತ್ತು.

ನಾವು ಹಿಂಬಾಲಿಸಿ ಹೊರಟಿರುವುದು ಇಂಥ ಕೈಯ ಒಬ್ಬ ಹೆಣ್ಣುಮಗಳನ್ನು. ವಯಸ್ಸು ಮೂವತ್ತರ ಆಸುಪಾಸು, ಮದುವೆಗೆ ಮೊದಲೇ ಕಲಿತ ಕೆಲಸ. ಎರಡು ವರ್ಷದ ಹಿಂದೆ ಒಂದು ಸಾಯಂಕಾಲ, ಶೆಡ್ಡಿನಲ್ಲಿ ಇನ್ನೇನು ರಾಟೆ ನಿಲ್ಲಿಸಬೇಕು ಎನ್ನುವ ಹೊತ್ತಿಗೆ, ಓಡುತ್ತಿದ್ದ ನೂಲು ಎರಡಾಗಿ ಕಂಡಿತು. ಕಣ್ಣುಜ್ಜಿಕೊಂಡಳು. ಹಬೆಯಿರಬೇಕು ಅಂದುಕೊಂಡು ಮುಖ ತೊಳೆದಳು. ಬೆಳಗ್ಗೆ ಎದ್ದಾಗ ಒಂದಕ್ಕೆ ಒಂದೇ ಕಂಡಿತು. ಅವತ್ತು ಸಂಜೆ ಮತ್ತೆ ಎರಡು. ತಿಂಗಳು ಕಳೆದಂತೆ ಬಲಗಣ್ಣಿನ ರೆಪ್ಪೆ ಜೋತುಬೀಳತೊಡಗಿತು. ಕತ್ತೆತ್ತಿ, ಹುಬ್ಬು ಮೇಲೇರಿಸಿ, ರೆಪ್ಪೆಯ ಸಂದಿಯಿಂದ ನೋಡುವ ಹಾಗಾಯಿತು. ಮಗಳಿಗೆ ಎರಡು ಜಡೆ ಹೆಣೆಯಲು ಕೂತರೆ ಒಂದು ಮುಗಿಯುವಷ್ಟರಲ್ಲಿ ತೋಳು ತಾನಾಗಿ ಕೆಳಗಿಳಿಯುತ್ತಿತ್ತು. ಊಟಕ್ಕೆ ಕೂತರೆ ಮೊದಲ ನಾಲ್ಕು ತುತ್ತು ಸಲೀಸು; ಆಮೇಲೆ ದವಡೆ ಸೋತು, ಎಡಗೈಯಿಂದ ಗದ್ದಕ್ಕೆ ಆಸರೆ ಕೊಟ್ಟು ಅಗಿಯಬೇಕು. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಿದರಾಯಿತು ಎಂಬ ಸಮಾಧಾನವೂ ಹೆಚ್ಚು ದಿನ ಉಳಿಯಲಿಲ್ಲ. ಮುದ್ದೆ ಗಂಟಲಲ್ಲೇ ಕೂರತೊಡಗಿತು. ರಾಗಿಯನ್ನು ಅಂಬಲಿಯಷ್ಟು ತೆಳ್ಳಗೆ ಮಾಡಿಕೊಂಡು, ಯಾರಿಗೂ ಹೇಳದೆ, ಒಲೆಯ ಮುಂದೆ ಕೂತು ಕುಡಿದಳು. ರಾತ್ರಿ ಫೋನಿನಲ್ಲಿ ಮಾತಾಡಿದರೆ ತವರಿನವರು "ನೆಗಡಿಯೇನೇ?" ಎಂದು ಕೇಳುತ್ತಿದ್ದರು, ದನಿ ಅಷ್ಟು ಮೂಗಿಗೆ ಹೋಗಿರುತ್ತಿತ್ತು.

ಬೆಳಗ್ಗೆ ಮಾತ್ರ ಎಲ್ಲವೂ ಸರಿ. ಮನೆಯವರಿಗೆ ನಂಬಿಕೆ ಬಾರದೆ ಇದ್ದುದು ಇದರಿಂದಲೇ. ನೀರು ಹೊತ್ತು, ಅಂಗಳ ಗುಡಿಸಿ, ಮಕ್ಕಳನ್ನು ಸ್ಕೂಲಿಗೆ ಕಳಿಸುವ ಹೆಂಗಸು ಸಂಜೆ ಅಡುಗೆಯ ಹೊತ್ತಿಗೆ "ಆಗಲ್ಲ" ಎಂದು ಗೋಡೆಗೊರಗಿದರೆ ಅತ್ತೆಗೆ ಏನನ್ನಿಸಬೇಕು? "ಬೆಳಗ್ಗೆ ಇಲ್ಲದ್ದು ಸಾಯಂಕಾಲಕ್ಕೆ ಎಲ್ಲಿಂದ ಬಂತಮ್ಮ?" ಎಂಬ ಮಾತು ಮೊದಲು ಬೆನ್ನ ಹಿಂದೆ, ಆಮೇಲೆ ಮುಖದ ಮುಂದೆಯೇ ಬಂತು. ದೃಷ್ಟಿ ತೆಗೆದರು. ತಾಯತ ಕಟ್ಟಿಸಿದರು. ವೈದ್ಯರ ಬಳಿಗೂ ಹೋಗದೆ ಇರಲಿಲ್ಲ. ಕಣ್ಣಿನವರು ಕನ್ನಡಕ ಕೊಟ್ಟರು. ಇನ್ನೊಬ್ಬರು ರಕ್ತ ಕಡಿಮೆಯೆಂದು ಕಬ್ಬಿಣಾಂಶದ ಮಾತ್ರೆ ಬರೆದರು, ಮತ್ತೊಬ್ಬರು ಬಿ12 ಚುಚ್ಚಿದರು. ಥೈರಾಯ್ಡ್ ನೋಡಿದರು, ನಾರ್ಮಲ್. ಸಾಲ ಮಾಡಿ ಮಿದುಳಿನ ಎಂಆರ್‌ಐ ಮಾಡಿಸಿದರು, ಅದೂ ನಾರ್ಮಲ್. ಒಮ್ಮೆ ಜ್ವರ ಬಂದಾಗ ಕೊಟ್ಟ ಆ್ಯಂಟಿಬಯಾಟಿಕ್ ನುಂಗಿದ ಮೇಲಂತೂ ಎರಡು ದಿನ ಕತ್ತೇ ನಿಲ್ಲಲಿಲ್ಲ. ಆ ಮಾತ್ರೆಗೂ ಈ ಸುಸ್ತಿಗೂ ನಂಟಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಒಂದು ಚೀಟಿಯಲ್ಲಿ ನಿದ್ದೆಯ ಮಾತ್ರೆ ಬಂತು. ಜೊತೆಗೆ "ಟೆನ್ಷನ್ ಮಾಡ್ಕೋಬೇಡಮ್ಮ" ಎಂಬ ಉಪದೇಶ.

ಇಷ್ಟೂ ಸಲ ಆಕೆ ಡಾಕ್ಟರ ಮುಂದೆ ಕೂತದ್ದು ಬೆಳಗಿನ ಹೊತ್ತಿನಲ್ಲಿ. ಹೊರರೋಗಿ ವಿಭಾಗ ತೆರೆಯುವುದೇ ಆಗ. ರಾತ್ರಿಯ ನಿದ್ದೆಯಿಂದ ಎದ್ದು, ಮುಖ ತೊಳೆದು, ಒಳ್ಳೆಯ ಸೀರೆಯುಟ್ಟು ಬಂದ ಹೆಂಗಸಿನ ಕಣ್ಣು ಅರಳಿರುತ್ತಿತ್ತು, ಕೈ ಗಟ್ಟಿಯಾಗಿರುತ್ತಿತ್ತು. ಎರಡು ನಿಮಿಷದಲ್ಲಿ ನೋಡಿ ಕಳಿಸುವವರಿಗೆ ಕಾಣುವುದಕ್ಕೆ ಅಲ್ಲಿ ಏನೂ ಇರುತ್ತಿರಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಎಂದು ಒಬ್ಬರು ಹೇಳಿದ್ದರು. ಆದರೆ ಆ ಹೆಸರು ಕೇಳಿದರೇ ಮನೆಯಲ್ಲಿ ಮೌನ. ಹಳ್ಳಿಗಳಲ್ಲಿ ಈಗಲೂ ಅದು ಹುಚ್ಚಾಸ್ಪತ್ರೆಯೇ. ಅಲ್ಲಿಗೆ ಹೋಗಿಬಂದಳೆಂದು ಗೊತ್ತಾದರೆ ನಾಳೆ ಮಗಳ ಮದುವೆಗೆ ತೊಡಕು ಎಂಬ ಅಂಜಿಕೆ. ಈ ಅಂಜಿಕೆಗೆ ಕಾರಣ ಇಲ್ಲದಿಲ್ಲ. ಹಿಂದಿನ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಆದರೆ ಅದರ ಹೆಸರಿನಲ್ಲೇ ನರವಿಜ್ಞಾನವೂ ಇದೆ. ಪಾರ್ಶ್ವವಾಯು, ಮೂರ್ಛೆರೋಗ, ನರ ಮತ್ತು ಸ್ನಾಯುಗಳ ಕಾಯಿಲೆಯವರು ದಿನವೂ ಅಲ್ಲಿ ತುಂಬಿರುತ್ತಾರೆ. ಮನಸ್ಸಿನ ಕಾಯಿಲೆಗೆ ಹೋಗುವುದರಲ್ಲೂ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಈ ನಾಚಿಕೆಯಲ್ಲೇ ಆಕೆಯ ಏಳೆಂಟು ತಿಂಗಳು ಹಾಳಾದವು. ಕೊನೆಗೆ ಗಟ್ಟಿ ಮನಸ್ಸು ಮಾಡಿದವನು ತಮ್ಮ. "ಯಾರೇನಾದ್ರೂ ಅನ್ಲಿ, ನಡಿ ಅಕ್ಕ" ಎಂದ.

ಅರವತ್ತು ಚಿಲ್ಲರೆ ಕಿಲೋಮೀಟರಿನ ದಾರಿ. ನಸುಕಿನ ನಾಲ್ಕಕ್ಕೆ ಎದ್ದು, ಮೊದಲ ಬಸ್ಸು ಹಿಡಿದು, ವಿಜಯಪುರ, ದೇವನಹಳ್ಳಿ ದಾಟಿ, ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಹೊಸೂರು ರಸ್ತೆ ಮುಟ್ಟುವಷ್ಟರಲ್ಲಿ ಚೀಟಿ ಮಾಡಿಸುವ ಸಾಲು ಬಾಗಿಲಾಚೆ ಬಂದಿರುತ್ತದೆ. ಆ ಸಾಲಿನಲ್ಲಿ ಒಂದು ಸುತ್ತು ಕಣ್ಣಾಡಿಸಿ. ರಾಯಚೂರಿನ ಪಂಚೆ, ಅನಂತಪುರದ ತೆಲುಗು, ಬಂಗಾಳದಿಂದ ಎರಡು ದಿನ ರೈಲಿನಲ್ಲಿ ಬಂದವರ ಸೂಟ್‌ಕೇಸು. ಬಹುತೇಕ ಎಲ್ಲರ ಕೈಯಲ್ಲೂ ಎಕ್ಸರೇ ಕವರು, ಅದರೊಳಗೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ವರ್ಷಗಟ್ಟಲೆಯ ಚೀಟಿಗಳು. ಮಡಿಕೆ ಬಿದ್ದಲ್ಲಿ ಹರಿದ ಚೀಟಿ, ಸಾರು ಚೆಲ್ಲಿ ಹಳದಿಯಾದ ಚೀಟಿ, ಅಕ್ಷರ ಮಾಸಿದ ಇಸಿಜಿ ಕಾಗದ. ಒಬ್ಬಾಕೆ ಬೆಂಚಿನ ಮೇಲೆ ಅವನ್ನೆಲ್ಲ ಹರಡಿಕೊಂಡು ತಾರೀಖಿನ ಪ್ರಕಾರ ಜೋಡಿಸುತ್ತಿದ್ದಾಳೆ. ಫಿನಾಯಿಲ್ ವಾಸನೆಯ ಜೊತೆ ಬುತ್ತಿಯ ಚಿತ್ರಾನ್ನದ ವಾಸನೆ. ಹೆಸರು ಕೂಗಿದಾಗಲೆಲ್ಲ ಹತ್ತು ತಲೆಗಳು ಒಟ್ಟಿಗೆ ಮೇಲೇಳುತ್ತವೆ, ಒಂಬತ್ತು ಮತ್ತೆ ತಗ್ಗುತ್ತವೆ.

ಆಕೆಯ ಹೆಸರು ಕೂಗಿದಾಗ ಮಧ್ಯಾಹ್ನ ಒಂದು ದಾಟಿತ್ತು. ನಸುಕಿನಿಂದ ಕೂತು, ನಿಂತು, ನಡೆದು ಮೈ ಸೋತಿತ್ತು. ಈ ಒಂದು ಸಲ ಕಾದದ್ದೇ ಉಪಕಾರವಾಯಿತು ಎನ್ನಬೇಕು. ಬೆಳಗಿನ ಮುಖವನ್ನಲ್ಲ, ಸಂಜೆಗೆ ಹತ್ತಿರವಾದ ಮುಖವನ್ನು ಹೊತ್ತು ಆಕೆ ಒಳಗೆ ಹೋದಳು.

ಟೇಬಲ್ಲಿನ ಆಚೆ ಇದ್ದ ವೈದ್ಯೆ ಚೀಟಿಗಳ ಚೀಲವನ್ನು ಪಕ್ಕಕ್ಕಿಟ್ಟರು. "ಏನಾಗ್ತದಮ್ಮ, ನೀವೇ ಹೇಳಿ" ಎಂದರು. ಆಕೆ ರೂಢಿಯಂತೆ "ಸುಸ್ತು ಮೇಡಂ" ಎಂದಳು. ಇಷ್ಟು ದಿನ ಎಲ್ಲ ಕಡೆ ಮಾತು ನಿಂತದ್ದು ಆ ಪದದ ಹತ್ತಿರವೇ. ಇಲ್ಲಿ ನಿಲ್ಲಲಿಲ್ಲ. ಸುಸ್ತು ಅಂದರೆ ಮೈಯೆಲ್ಲ ಭಾರವೋ, ಕೈ ಎತ್ತಲು ಆಗದಿರುವುದೋ? ಎದ್ದ ಕೂಡಲೇ ಇರುತ್ತದೋ, ಹೊತ್ತು ಏರಿದಂತೆ ಬರುತ್ತದೋ? ಸ್ವಲ್ಪ ಮಲಗಿ ಎದ್ದರೆ? ಒಂದು ಕಣ್ಣು ಮುಚ್ಚಿಕೊಂಡರೆ ಜೋಡಿ ಕಾಣುವುದು ನಿಲ್ಲುತ್ತದೋ? ನೀರು ಕುಡಿದರೆ ಮೂಗಿಗೆ ಬರುತ್ತದೋ? "ಬತ್ತದೆ ಮೇಡಂ, ಎರಡು ಸಲ ಬಂದೈತೆ" ಎನ್ನುವಾಗ ಆಕೆಯ ಕಣ್ಣು ತುಂಬಿತು. ಅದನ್ನು ಇದುವರೆಗೆ ತಮ್ಮನಿಗೂ ಹೇಳಿರಲಿಲ್ಲ. ಹೊತ್ತು ಯಾವುದು ಎಂದು ಕೇಳಿದವರು ಇವರೊಬ್ಬರೇ. ನನ್ನ ಮಟ್ಟಿಗೆ ಕಾಯಿಲೆ ಪತ್ತೆಯಾದದ್ದು ಆ ಪ್ರಶ್ನೆಯಲ್ಲೇ. ಆಮೇಲಿನ ಯಂತ್ರಗಳು ಅದನ್ನು ದೃಢಪಡಿಸಿದವು, ಅಷ್ಟೆ.

ವೈದ್ಯೆ ಪೆನ್ನನ್ನು ಆಕೆಯ ಹಣೆಗಿಂತ ಎತ್ತರದಲ್ಲಿ ಹಿಡಿದರು. "ತಲೆ ಎತ್ತಬೇಡಿ, ಕಣ್ಣು ಮಾತ್ರ ಮೇಲೆ. ಇದರ ತುದಿ ನೋಡ್ತಾ ಇರಿ, ರೆಪ್ಪೆ ಹೊಡೀಬೇಡಿ." ಮೊದಲ ಕ್ಷಣಗಳಲ್ಲಿ ಎರಡೂ ಕಣ್ಣು ಅಗಲವಾಗಿಯೇ ಇದ್ದವು. ಹಣೆಯಲ್ಲಿ ಒಂದು ಗೆರೆ ಮೂಡಿತು, ಅದರ ಮೇಲೊಂದು, ಇನ್ನೊಂದು. ರೆಪ್ಪೆಗೆ ನೆರವಾಗಲು ಹುಬ್ಬು ಏರುತ್ತಿತ್ತು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಬಲರೆಪ್ಪೆ ಸಣ್ಣಗೆ ಅದುರಿ, ಕರಿಗುಡ್ಡೆಯ ಮೇಲಂಚನ್ನು ಮುಟ್ಟಿ, ಇಳಿಯುತ್ತಾ ಇಳಿಯುತ್ತಾ ಪಾಪೆಯ ಅರ್ಧವನ್ನು ಮುಚ್ಚಿತು. ಕೂತವರ ಎದುರೇ, ಹಾಡುಹಗಲಲ್ಲಿ. ಆಮೇಲೆ ಒಂದರಿಂದ ಐವತ್ತರವರೆಗೆ ಗಟ್ಟಿಯಾಗಿ ಎಣಿಸಲು ಹೇಳಿದರು. ಇಪ್ಪತ್ತರವರೆಗೆ ದನಿ ಖಣಿಖಣಿ. ಮೂವತ್ತು ದಾಟಿದ ಮೇಲೆ ಅಕ್ಷರಗಳ ಅಂಚು ಕರಗಿ, ನಲವತ್ತರ ಹೊತ್ತಿಗೆ ಎಲ್ಲ ಅಂಕಿಯೂ ಮೂಗಿನಿಂದಲೇ ಬರತೊಡಗಿತು.

ನರ್ಸು ಕೈಗವಸಿನೊಳಗೆ ಐಸು ತುಂಬಿ ಗಂಟು ಹಾಕಿ ತಂದರು. ಮುಚ್ಚಿದ ಬಲಗಣ್ಣಿನ ಮೇಲೆ ಅದನ್ನು ಎರಡು ನಿಮಿಷ ಇಡಬೇಕು. ಕರಗಿದ ನೀರು ಕೆನ್ನೆಯಿಂದ ಕತ್ತಿಗಿಳಿದು ಸೀರೆಯ ಅಂಚನ್ನು ನೆನೆಸಿತು. ತಮ್ಮ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಐಸು ತೆಗೆದು "ಕಣ್ಣು ಬಿಡಿ" ಎಂದಾಗ ರೆಪ್ಪೆ ಹಳೇ ಜಾಗಕ್ಕೆ ಏರಿ ನಿಂತಿತ್ತು. "ಅಕ್ಕಾ, ಕಣ್ಣು ಬಿಟ್ಟೈತೆ!" ಎಂದು ಅವನು ಕೂಗಿಕೊಂಡ. ನಿಮಿಷಗಳಲ್ಲಿ ಅದು ಮತ್ತೆ ಇಳಿಯಿತು. ಆದರೆ ನೋಡಬೇಕಾದ್ದನ್ನು ನೋಡಿಯಾಗಿತ್ತು.

ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರಾವಿಸ್. ನರ ಸ್ನಾಯುವಿಗೆ ಅಪ್ಪಣೆ ಕಳಿಸುವುದು ಅಸಿಟೈಲ್‌ಕೊಲೀನ್ ಎಂಬ ರಾಸಾಯನಿಕದ ಮೂಲಕ. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಸ್ನಾಯುವಿನ ಮೇಲಿರುತ್ತವೆ. ರೋಗಾಣುಗಳನ್ನು ಕೊಲ್ಲಬೇಕಾದ ದೇಹದ ರಕ್ಷಣಾ ಪಡೆಯೇ ದಾರಿತಪ್ಪಿ ಆ ಗ್ರಾಹಕಗಳ ಮೇಲೆ ಬೀಳುತ್ತದೆ. "ನರ ಕೂಗ್ತಾ ಇರ್ತದೆ ಕಣಮ್ಮ, ಸ್ನಾಯುವಿನ ಕಿವಿಗೆ ಹತ್ತಿ ತುರುಕಿದ ಹಾಗೆ" ಎಂದು ವೈದ್ಯೆ ಬಿಡಿಸಿ ಹೇಳಿದರು. ಬಳಸಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ತಂಪು ತಾಗಿದಾಗ ಅಸಿಟೈಲ್‌ಕೊಲೀನನ್ನು ಒಡೆಯುವ ಕಿಣ್ವ ನಿಧಾನವಾಗುವುದರಿಂದ ಅಪ್ಪಣೆ ಒಂದಿಷ್ಟು ಹೆಚ್ಚು ಹೊತ್ತು ಉಳಿಯುತ್ತದೆ. ಐಸಿನ ಪರೀಕ್ಷೆಯ ಗುಟ್ಟು ಅಷ್ಟೇ. ನಾಗರಹಾವು ಕಚ್ಚಿದವರನ್ನು ನೋಡಿದ ಹಳ್ಳಿಗರಿಗೆ ರೆಪ್ಪೆ ಜೋಲುವುದು ಗೊತ್ತು. ಅದರ ವಿಷ ತಡೆಯುವುದೂ ನರ ಸ್ನಾಯುಗಳ ಇದೇ ಕೂಡುಜಾಗವನ್ನು. ನಾಗರ ಕಡಿತಕ್ಕೆ ವಿಷನಿವಾರಕದ ಜೊತೆ ಕೊಡುವ ನಿಯೊಸ್ಟಿಗ್ಮಿನ್ ಚುಚ್ಚುಮದ್ದು ಈ ಕಾಯಿಲೆಯಲ್ಲೂ ರೆಪ್ಪೆಯನ್ನು ಎತ್ತುತ್ತದೆ.

ಹಗಲೆಲ್ಲ ಮಾತಾಡಿ ಸೋತು, ದನಿಯೇ ಹೊರಡದಂತಾಗುವ ಒಬ್ಬ ಹೆಂಗಸಿನ ಬಗ್ಗೆ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಬರೆದಿಟ್ಟಿದ್ದ. ಮದ್ದು ಸಿಗಲು ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಸೇಂಟ್ ಆಲ್ಫೀಜ್ ಆಸ್ಪತ್ರೆಯಲ್ಲಿ ಮೇರಿ ವಾಕರ್ ಎಂಬ ವೈದ್ಯೆ, ಈ ರೋಗಿಗಳ ಸ್ಥಿತಿ ಕ್ಯುರಾರೆ ವಿಷವೇರಿದವರ ಸ್ಥಿತಿಯಂತಿದೆಯಲ್ಲ ಎಂದು ಯೋಚಿಸಿ, ಆ ವಿಷಕ್ಕೆ ಕೊಡುವ ಫೈಸೊಸ್ಟಿಗ್ಮಿನ್ ಚುಚ್ಚಿ ನೋಡಿದರು. ಪಶ್ಚಿಮ ಆಫ್ರಿಕಾದ ಕಲಬಾರ್ ಬೀಜದಿಂದ ತೆಗೆದ ಮದ್ದು ಅದು. ರೆಪ್ಪೆ ಎದ್ದಿತು, ಕೆಲವು ಗಂಟೆ ನಿಂತಿತು. ಇಂದಿಗೂ ಕೊಡುವ ಮಾತ್ರೆ ಆ ಮದ್ದಿನ ಬಳಗದ್ದೇ. 1973ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಂ, ವಿದ್ಯುತ್ ಹಾವುಮೀನಿನಿಂದ ತೆಗೆದ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ ಅವು ತಲೆ ಎತ್ತಲಾರದೆ ನಿಸ್ಸತ್ವವಾಗಿ ಬಿದ್ದವು. ದೇಹ ತನ್ನ ಮೇಲೆಯೇ ಎರಗುತ್ತಿದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಆಗ. ಅದುವರೆಗೆ ಎಷ್ಟೋ ಹೆಂಗಸರನ್ನು ಹಿಸ್ಟೀರಿಯಾ ಎಂದು ಬದಿಗೆ ಸರಿಸಲಾಗಿತ್ತು. ಅದು ಪೂರ್ತಿ ನಿಂತಿಲ್ಲ ಎಂಬುದಕ್ಕೆ ಶಿಡ್ಲಘಟ್ಟದ ಆ ನಿದ್ದೆಯ ಮಾತ್ರೆಯ ಚೀಟಿಯೇ ಸಾಕು.

ಮುಂದಿನದು ಬೇಗ ಬೇಗ ನಡೆಯಿತು. ನರಕ್ಕೆ ಸೆಕೆಂಡಿಗೆ ಮೂರು ಬಾರಿಯಂತೆ ಸಣ್ಣ ವಿದ್ಯುತ್ ತಟ್ಟಿದಾಗ ಪರದೆಯ ಮೇಲಿನ ಅಲೆಗಳು ಒಂದಕ್ಕಿಂತ ಒಂದು ಗಿಡ್ಡವಾಗುತ್ತಾ ಹೋದವು. ಹತ್ತು ಪ್ರತಿಶತಕ್ಕಿಂತ ಹೆಚ್ಚು ತಗ್ಗಿದರೆ ಅದು ಕಾಯಿಲೆಯ ಗುರುತು. ಗ್ರಾಹಕಗಳ ವಿರುದ್ಧದ ಪ್ರತಿಕಾಯ ಹುಡುಕಲು ರಕ್ತ ತೆಗೆದರು. ಮೈಯೆಲ್ಲ ಹಬ್ಬಿದ ಮಯಸ್ತೇನಿಯಾದಲ್ಲಿ ಇದು ಹೆಚ್ಚುಕಡಿಮೆ 80ರಿಂದ 85 ಪ್ರತಿಶತ ಜನರಲ್ಲಿ ಸಿಗುತ್ತದೆ, ಕಣ್ಣಿಗಷ್ಟೇ ಸೀಮಿತವಾದವರಲ್ಲಿ ಅರ್ಧದಷ್ಟು ಮಂದಿಯಲ್ಲಿ. ಎದೆಯ ಸಿಟಿ ಸ್ಕ್ಯಾನೂ ಆಯಿತು, ಏಕೆಂದರೆ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಹತ್ತು ಹದಿನೈದು ಪ್ರತಿಶತ ರೋಗಿಗಳಿಗೆ ಗಡ್ಡೆ ಇರುತ್ತದೆ. ಈಕೆಗೆ ಇರಲಿಲ್ಲ.

ಕಾಯಿಲೆಯ ಹೆಸರನ್ನು ತಮ್ಮ ಮೂರು ಸಲ ಹೇಳಿಸಿಕೊಂಡು ಮೊಬೈಲಿನಲ್ಲಿ ಬರೆದುಕೊಂಡ. ಅಮಿತಾಭ್ ಬಚ್ಚನ್‌ಗೂ ಇದೇ ಕಾಯಿಲೆ ಬಂದಿತ್ತು ಎಂದು ವೈದ್ಯೆ ಹೇಳಿದಾಗ ಅಕ್ಕ ತಮ್ಮ ಇಬ್ಬರ ಮುಖವೂ ಬದಲಾಯಿತು. ಹೌದು, 1984ರಲ್ಲಿ ಅವರಿಗೆ ಇದು ಪತ್ತೆಯಾಗಿತ್ತು. ಆಮೇಲೂ ದಶಕಗಟ್ಟಲೆ ನಟಿಸಿದರು. ಚೀಟಿಯಲ್ಲಿ ಬರೆದದ್ದು ಪಿರಿಡೋಸ್ಟಿಗ್ಮಿನ್, 60 ಮಿಲಿಗ್ರಾಂ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ದವಡೆಗೂ ಗಂಟಲಿಗೂ ಬಲ ಬಂದಿರುತ್ತದೆ. ಮೂರ್ನಾಲ್ಕು ಗಂಟೆಯಲ್ಲಿ ಅದರ ಶಕ್ತಿ ಮುಗಿಯುತ್ತದೆ, ಮತ್ತೊಂದು ಬೇಕು. ಹೊಟ್ಟೆ ನುಲಿಯುವುದುಂಟು. ಜೊತೆಗೆ ರಕ್ಷಣಾ ಪಡೆಯನ್ನು ಹತೋಟಿಯಲ್ಲಿಡುವ ಸ್ಟೀರಾಯ್ಡ್. ಅದಕ್ಕೆ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಕಾಯಬೇಕು. ಗಡ್ಡೆ ಇಲ್ಲದವರಿಗೂ ಥೈಮಸ್ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಅನುಕೂಲವಿದೆಯೆಂದು 2016ರಲ್ಲಿ ಹಲವು ದೇಶಗಳ ಅಧ್ಯಯನ ತೋರಿಸಿದೆ. ಆ ಮಾತು ಮುಂದಿನ ಭೇಟಿಗೆ ಉಳಿಯಿತು. ಬುಡಸಮೇತ ಹೋಗುವ ಕಾಯಿಲೆ ಇದಲ್ಲ. ಆದರೆ ಮದ್ದು ಹಿಡಿದವರಲ್ಲಿ ಬಹುಪಾಲು ಮಂದಿ ಕೆಲಸ ಮಾಡಿಕೊಂಡು, ಮನೆ ನಡೆಸಿಕೊಂಡು ಬಾಳುತ್ತಾರೆ. ಎರಡು ವರ್ಷ "ನಾರ್ಮಲ್" ಎಂಬ ಮಾತನ್ನೇ ಕೇಳಿ ಕುಗ್ಗಿದ್ದ ಹೆಣ್ಣುಮಗಳು ತನಗೊಂದು ಕಾಯಿಲೆ ಇದೆ ಎಂದು ಕೇಳಿ ನಿಟ್ಟುಸಿರು ಬಿಟ್ಟಳು. "ನಾನು ಸುಳ್ಳು ಹೇಳ್ತಿರಲಿಲ್ಲ ಅಂತ ನಮ್ಮತ್ತೆಗೆ ನೀವೇ ಒಂದು ಮಾತು ಹೇಳಿ ಮೇಡಂ" ಎಂದಳು. ವೈದ್ಯೆ ಆ ಕ್ಷಣವೇ ತಮ್ಮನ ಫೋನು ತೆಗೆದುಕೊಂಡು ಶಿಡ್ಲಘಟ್ಟಕ್ಕೆ ಮಾತಾಡಿದರು.

ಹತ್ತು ಲಕ್ಷ ಜನರಲ್ಲಿ ನೂರಿನ್ನೂರು ಮಂದಿಗೆ ಬರುವ ಕಾಯಿಲೆ ಇದು. ನಿಮ್ಮ ಮನೆಯವರ ಸುಸ್ತು ಇದೇ ಆಗಿರಬೇಕೆಂದಿಲ್ಲ. ಆದರೆ ತಿಂಗಳುಗಟ್ಟಲೆ ಕಾರಣ ಸಿಗದೆ ಕಾಡುವ ಯಾವ ತೊಂದರೆಗೇ ಆಗಲಿ, ಡಾಕ್ಟರ ಮುಂದೆ ಕೂರುವ ಮೊದಲು ಒಂದು ಕೆಲಸ ಮಾಡಿ. ಯಾವ ಹೊತ್ತಿಗೆ ಶುರುವಾಗುತ್ತದೆ, ಏನು ಮಾಡಿದರೆ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ ಎಂದು ಹದಿನೈದು ದಿನ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಿ. ಸಂಜೆ ಕಾಣುವ ಲಕ್ಷಣವನ್ನು ಸಂಜೆಯೇ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಂಡು ಬೆಳಗ್ಗೆ ತೋರಿಸಿ. ಹಳೇ ಚೀಟಿಗಳನ್ನು ತಾರೀಖಿನಂತೆ ಜೋಡಿಸಿ. ಮನೆಯ ಹೆಂಗಸರು "ಆಗಲ್ಲ" ಎಂದರೆ ಮೊದಲು ನಂಬಿ. ಮಯಸ್ತೇನಿಯಾ ಎಂದು ಗೊತ್ತಾದವರು ಅದನ್ನು ಒಂದು ಕಾರ್ಡಿನಲ್ಲಿ ಬರೆದು ಇಟ್ಟುಕೊಂಡು, ಜ್ವರಕ್ಕೋ ಹಲ್ಲುನೋವಿಗೋ ಮಾತ್ರೆ ತೆಗೆದುಕೊಳ್ಳುವ ಮುನ್ನ ತೋರಿಸಬೇಕು; ಸಿಪ್ರೊಫ್ಲಾಕ್ಸಸಿನ್, ಅಜಿತ್ರೊಮೈಸಿನ್, ಜೆಂಟಾಮೈಸಿನ್‌ನಂಥ ಆ್ಯಂಟಿಬಯಾಟಿಕ್‌ಗಳು ಈ ಕಾಯಿಲೆಯನ್ನು ಕೆರಳಿಸಬಲ್ಲವು. ಉಸಿರು ಕಟ್ಟಿದಂತಾದರೆ, ಎಂಜಲನ್ನೂ ನುಂಗಲಾಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೊರಡಿ.